ಮಾಳಿಗೆ ಕೋಣೆಯಲ್ಲಿ ಅಮೂರ್ತ ಚಿತ್ರ: ಕಲಬುರಗಿ ಬಿಸಿಲಿಗೆ ಒಗ್ಗುವ ದಿನಚರಿ, ಹಂತ ಹಂತವಾಗಿ

"ಸರ, ನೀವು ದಿನಾ ಸ್ಟುಡಿಯೋದಾಗ ಏನ್ ಮಾಡ್ತೀರಿ?" ವಾರಕ್ಕೆ ಒಬ್ಬರಾದರೂ ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೆರಡು ಬರುತ್ತವೆ. "ಮೂಡ್ ಬಂದಾಗ ಅಷ್ಟೇ ಬಿಡಿಸ್ತೀರಾ?" "ಮುಗೀತು ಅಂತ ಹೆಂಗ ಗೊತ್ತಾಗ್ತದ?" ಈಗಷ್ಟೇ ಚಿತ್ರಕಲಾ ಕಾಲೇಜು ಸೇರಿದವರು ಕೇಳುತ್ತಾರೆ. ನೌಕರಿಯಿಂದ ರಿಟೈರ್ ಆಗಿ ಬ್ರಷ್ ಹಿಡಿದವರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಯಿತು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಒಂದು ಮಾತು. ಅಮೂರ್ತ ಚಿತ್ರ ಅಂದರೆ ಇಂಥ ಮನುಷ್ಯ, ಇಂಥ ಮರ ಎಂದು ಗುರುತಿಸಲು ಬಾರದ ಚಿತ್ರ. ಅಲ್ಲಿ ಬಣ್ಣ, ಆಕಾರ, ಗೆರೆ, ಮೈಯ ತರಿತನ ಇವೇ ವಿಷಯ. ನಮ್ಮೂರಿನ ಎಸ್.ಎಂ. ಪಂಡಿತರು (1916–1993) ದೇವಾನುದೇವತೆಗಳ ಕ್ಯಾಲೆಂಡರ್ ಚಿತ್ರಗಳಿಂದ, ಸಿನಿಮಾ ಪೋಸ್ಟರ್‌ಗಳಿಂದ ದೇಶಕ್ಕೆಲ್ಲ ಪರಿಚಿತರು. ಅಂಥ ಚಿತ್ರ ನೋಡಿ ಬೆಳೆದ ಊರಲ್ಲಿ ನಮ್ಮ ಕ್ಯಾನ್ವಾಸ್ ಕಂಡವರು "ಇದೇನ್ರಿ, ಗ್ವಾಡಿ ಸುಣ್ಣ ಕಿತ್ತಂಗ ಕಾಣ್ತದ" ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಸುಣ್ಣ ಕಿತ್ತ ಗೋಡೆಯನ್ನು ಅವರು ಸರಿಯಾಗಿ ನೋಡಿದ್ದಾರೆ ಅಂತಾಯಿತು, ಅಲ್ವಾ?

ಕೆಳಗಿನದು ಅಕ್ರಿಲಿಕ್ ಬಣ್ಣಕ್ಕೆ ಬರೆದದ್ದು. ಅಕ್ರಿಲಿಕ್ ಅಂದರೆ ಹಸಿಯಿದ್ದಾಗ ನೀರಲ್ಲಿ ಕರಗುವ, ಒಣಗಿದ ಮೇಲೆ ಪ್ಲಾಸ್ಟಿಕ್ ಪದರದಂತೆ ಗಟ್ಟಿಯಾಗುವ ಬಣ್ಣ. ಎಣ್ಣೆ ಬಣ್ಣದವರಿಗೆ ಕೊನೆಯ ಹತ್ತಿರ ನಾಲ್ಕು ಮಾತಿವೆ.

ಏನೇನು ಬೇಕು

ದೊಡ್ಡ ಪಟ್ಟಿ ಬೇಡ. ಶುರುವಿಗೆ ಇಷ್ಟು ಸಾಕು:

- 24 × 30 ಇಂಚಿನ ಎರಡು ಕ್ಯಾನ್ವಾಸ್. ಒಂದೇ ಇದ್ದರೆ ಅದನ್ನೇ ತಿದ್ದಿ ತಿದ್ದಿ ಕೊಲ್ಲುತ್ತೀರಿ.
- ಐದು ಬಣ್ಣ: ಟೈಟೇನಿಯಂ ವೈಟ್, ಅಲ್ಟ್ರಾಮರೀನ್ ಬ್ಲೂ, ಬರ್ನ್ಟ್ ಅಂಬರ್ (ಗಾಢ ಕಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಯಾವುದಾದರೂ ಒಂದು ಒಳ್ಳೆಯ ಕೆಂಪು.
- ಹಾರ್ಡ್‌ವೇರ್ ಅಂಗಡಿಯ 1 ಇಂಚು, 2 ಇಂಚಿನ ಬ್ರಷ್. ಗೋಡೆಗೆ ಪುಟ್ಟಿ ಹಚ್ಚುವ ಕಬ್ಬಿಣದ ಪಟ್ಟಿ. ಒಂದು ಪ್ಯಾಲೆಟ್ ನೈಫ್, ಅಂದರೆ ಬಣ್ಣ ಕಲಸುವ ಬಾಗುವ ಚೂರಿ.
- ಗಿಡಕ್ಕೆ ನೀರು ಸಿಂಪಡಿಸುವ ಬಾಟಲಿ. ಬೇಸಿಗೆಯಲ್ಲಿ ಬ್ರಷ್‌ಗಿಂತ ಇದರ ಕೆಲಸವೇ ಜಾಸ್ತಿ.
- ಹಳೆ ಬನಿಯನ್ ಬಟ್ಟೆ, ಎರಡು ಬಕೆಟ್, ಬಟರ್ ಪೇಪರ್, ಒಂದು ನೋಟ್‌ಬುಕ್.
- ಕುರ್ಚಿ. ಆರಾಮಾಗಿರುವ ಕುರ್ಚಿ. ಯಾಕೆ ಅಂತ ಆರನೇ ಹಂತದಲ್ಲಿ ಹೇಳುತ್ತೇನೆ.

ಕಪ್ಪು ಬಣ್ಣ ಕೊಳ್ಳಬೇಡಿ. ಅಲ್ಟ್ರಾಮರೀನ್‌ಗೆ ಬರ್ನ್ಟ್ ಅಂಬರ್ ಬೆರೆಸಿದರೆ ಡಬ್ಬಿಯ ಕಪ್ಪಿಗಿಂತ ಜೀವ ಇರುವ ಕಪ್ಪು ಸಿಗುತ್ತದೆ. ನೀಲಿ ಜಾಸ್ತಿ ಆದರೆ ತಣ್ಣನೆಯ ಕಪ್ಪು, ಅಂಬರ್ ಜಾಸ್ತಿ ಆದರೆ ಬೆಚ್ಚನೆಯದು.

ಟ್ಯೂಬ್ ಕೊಳ್ಳುವಾಗ ಹೆಸರಿಗೆ ಮರುಳಾಗದೆ ಹಿಂಭಾಗದ ಸಣ್ಣ ಅಕ್ಷರ ಓದಿ. ಅಲ್ಲಿ ವರ್ಣದ್ರವ್ಯದ ಸಂಕೇತ ಇರುತ್ತದೆ. ವರ್ಣದ್ರವ್ಯ ಅಂದರೆ ಬಣ್ಣ ಕೊಡುವ ಪುಡಿ. ಅಲ್ಟ್ರಾಮರೀನ್ ಆದರೆ ಪಿಬಿ 29, ಟೈಟೇನಿಯಂ ವೈಟ್ ಆದರೆ ಪಿಡಬ್ಲ್ಯೂ 6, ಮಣ್ಣಿನ ಹಳದಿ ಆದರೆ ಪಿವೈ 43. ಹೆಸರಿನ ಕೊನೆಗೆ 'ಹ್ಯೂ' ಅಂತ ಇದ್ದರೆ ಅದು ಅಸಲಿ ಪುಡಿಯಲ್ಲ, ಅದರಂತೆ ಕಾಣುವ ಬೇರೆ ಪುಡಿಗಳ ಮಿಶ್ರಣ. ಕೆಟ್ಟದ್ದೇನಲ್ಲ. ಆದರೆ ನಾಲ್ಕು ಪುಡಿ ಸೇರಿದ ಬಣ್ಣಗಳನ್ನು ಒಂದರೊಳಗೊಂದು ಕಲಸಿದರೆ ಬೇಗ ಕೆಸರಾಗುತ್ತದೆ.

ಹಂತ 1: ಜಾಗ ಮತ್ತು ಬೆಳಕು

ನಮ್ಮಲ್ಲಿ ಹೆಚ್ಚಿನವರಿಗೆ ಸಿಗುವುದು ಮಾಳಿಗೆ ಮೇಲಿನ ಕೋಣೆ. ಬೆಳಕಿಗೆ ಅದು ಒಳ್ಳೆಯದು. ಬೇಸಿಗೆಗೆ ಅದೊಂದು ಒಲೆ. ಛಾವಣಿಗೆ ಮಾರ್ಚ್‌ನಲ್ಲೇ ಸುಣ್ಣ ಹೊಡೆಸಿ, ಪಶ್ಚಿಮದ ಕಿಟಕಿ ಮುಚ್ಚಿ.

ಯುರೋಪಿನವರು ಬರೆದ ಪುಸ್ತಕಗಳೆಲ್ಲ "ಉತ್ತರದ ಕಿಟಕಿ ಇರಲಿ, ದಿನವಿಡೀ ಒಂದೇ ಬೆಳಕು" ಅನ್ನುತ್ತವೆ. ಅವರ ಊರಿಗೆ ಸರಿ. ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಆ ದಿನಗಳಲ್ಲಿ ಬೆಳಗ್ಗೆ, ಸಂಜೆ ಉತ್ತರದ ಕಿಟಕಿಯಿಂದಲೇ ಬಿಸಿಲು ಒಳಗೆ ಬಂದು ಕ್ಯಾನ್ವಾಸ್ ಮೇಲೆ ಕೂರುತ್ತದೆ. ಹಾಗಾಗಿ ಕಿಟಕಿ ಉತ್ತರಕ್ಕಿದ್ದರೂ ತೆಳು ಬಿಳಿ ಧೋತರ ಕಟ್ಟಿಡಿ. ಬೆಳಕು ಸೋಸಿ ಬರುತ್ತದೆ.

ರಾತ್ರಿ ಕೆಲಸಕ್ಕೆ ಬಲ್ಬ್ ಕೊಳ್ಳುವಾಗ ಡಬ್ಬಿಯ ಮೇಲೆ ಎರಡು ಅಂಕಿ ನೋಡಿ. 5000ದಿಂದ 6500 ಕೆಲ್ವಿನ್ ಒಳಗಿರಬೇಕು. ಅದು ಬೆಳಕಿನ ಬಿಳುಪಿನ ಅಳತೆ. ಸಿಆರ್‌ಐ 90ಕ್ಕಿಂತ ಮೇಲಿರಬೇಕು. ಅದು ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬುದರ ಅಳತೆ. ಹಳದಿ ಬಲ್ಬಿನಡಿ ಕಲಸಿದ ಬೂದುಬಣ್ಣ ಬೆಳಗ್ಗೆ ನೋಡಿದರೆ ನೀಲಿಯಾಗಿರುತ್ತದೆ.

ನೆಲಕ್ಕೆ ನಮ್ಮ ಶಹಾಬಾದ್ ಫರ್ಸಿ, ಅಂದರೆ ಚಪ್ಪಡಿ ಕಲ್ಲು, ಇದ್ದರೆ ಪುಣ್ಯವಂತರು. ಬಣ್ಣ ಬಿದ್ದರೆ ಒದ್ದೆ ಮಾಡಿ ಕೆರೆದರಾಯಿತು. ನುಣುಪಾದ ಫರ್ಸಿ ತುಂಡೊಂದನ್ನು ಬಣ್ಣ ಕಲಸಲೂ ಇಟ್ಟುಕೊಳ್ಳಿ. ಅದರ ಬೂದುಬಣ್ಣದ ಮೇಲೆ ತಿಳಿ ಬಣ್ಣ, ಗಾಢ ಬಣ್ಣ ಎರಡೂ ಸರಿಯಾಗಿ ಕಾಣುತ್ತವೆ. ಬಿಳಿ ಪ್ಲೇಟಿನ ಮೇಲೆ ಎಲ್ಲ ಬಣ್ಣವೂ ಇದ್ದದ್ದಕ್ಕಿಂತ ಗಾಢವಾಗಿ ಕಂಡು ಮೋಸ ಮಾಡುತ್ತದೆ.

ಹಂತ 2: ಕ್ಯಾನ್ವಾಸ್ ಸಿದ್ಧ ಮಾಡುವುದು

ಅಂಗಡಿಯ ತಯಾರಿ ಕ್ಯಾನ್ವಾಸ್ ತಂದರೆ ಈ ಹಂತದ ಅರ್ಧ ದಾಟಬಹುದು. ಬಡಗಿಯ ಹತ್ತಿರ ಚೌಕಟ್ಟು ಮಾಡಿಸುವುದಾದರೆ ಎರಡು ಮಾತು ಗಟ್ಟಿಯಾಗಿ ಹೇಳಿ. ಒಂದು, ಕಟ್ಟಿಗೆ ಚೆನ್ನಾಗಿ ಒಣಗಿರಬೇಕು. ಹಸಿ ಕಟ್ಟಿಗೆ ಏಪ್ರಿಲ್ ಬಂದ ಕೂಡಲೇ ಹಪ್ಪಳದಂತೆ ತಿರುಚುತ್ತದೆ. ಎರಡು, ಪಟ್ಟಿಯ ಮುಂಭಾಗ ಒಳಗಡೆಗೆ ಇಳಿಜಾರಾಗಿರಬೇಕು. ಹೊರ ಅಂಚು ಮಾತ್ರ ಬಟ್ಟೆಗೆ ತಾಗಬೇಕು. ಸಪಾಟಾಗಿ ಬಿಟ್ಟರೆ ನೀವು ಚೂರಿ ಒತ್ತಿದಾಗ ಒಳ ಅಂಚಿನ ಗೆರೆ ಬಟ್ಟೆಯ ಮೇಲೆ ಮೂಡುತ್ತದೆ. ಆ ಗೆರೆ ಆಮೇಲೆ ಹೋಗುವುದಿಲ್ಲ. "ಬಾಗಿಲಿಗೆ ಮಾಡಿದಂಗೇ ಮಾಡ್ತೀನ್ರಿ" ಅಂದರೆ ಕೂತು ಚಿತ್ರ ಬರೆದು ತೋರಿಸಿ.

ಬಟ್ಟೆ ಬಿಗಿಯುವಾಗ ಪ್ರತಿ ಬದಿಯ ನಡುವಿನಿಂದ ಶುರು ಮಾಡಿ, ಎದುರುಬದುರು ಪಿನ್ ಹೊಡೆಯುತ್ತ ಮೂಲೆಗೆ ಹೋಗಿ. ಬೆರಳಿಂದ ತಟ್ಟಿದರೆ ಹಲಗೆ ವಾದ್ಯದಂತೆ ಸದ್ದು ಬರಬೇಕು.

ಆಮೇಲೆ ಗೆಸ್ಸೊ. ಗೆಸ್ಸೊ ಅಂದರೆ ಸೀಮೆಸುಣ್ಣದಂಥ ಪುಡಿ, ಬಿಳಿ ಬಣ್ಣ, ಅಕ್ರಿಲಿಕ್ ಅಂಟು ಸೇರಿದ ತಳಬಣ್ಣ. ಬಣ್ಣ ಬಟ್ಟೆಯೊಳಗೆ ಇಳಿಯದಂತೆ ಇದು ತಡೆಯುತ್ತದೆ, ಹಿಡಿತವನ್ನೂ ಕೊಡುತ್ತದೆ. ಮೂರು ಕೋಟು ಹಚ್ಚಿ. ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ, ಮೂರನೆಯದು ಮತ್ತೆ ಉದ್ದಕ್ಕೆ. ನಡುನಡುವೆ ಪೂರ್ತಿ ಒಣಗಲಿ. ನುಣುಪು ಬೇಕಿದ್ದರೆ ಒದ್ದೆ ಮಾಡಿ ಸಣ್ಣ ಮರಳುಕಾಗದದಿಂದ ಉಜ್ಜಿ. ಒಣಗಿದ್ದನ್ನು ಉಜ್ಜಿ ಆ ಪುಡಿ ಉಸಿರಾಡಬೇಡಿ.

ಎಚ್ಚರ: ಗೋಡೆಯ ಪ್ರೈಮರ್ ಗೆಸ್ಸೊ ಅಲ್ಲ. ಫೆವಿಕಾಲ್‌ಗೆ ಚಾಕ್‌ಪುಡಿ ಕಲಸಿ ಹಚ್ಚುವುದು ಅಭ್ಯಾಸಕ್ಕೆ ಸಾಕು. ಯಾರಿಗಾದರೂ ಮಾರುವ ಚಿತ್ರಕ್ಕೆ ಬೇಡ.

ಹಂತ 3: ಊರ ಮಣ್ಣಿನ ಬಣ್ಣ (ಬೇಕಾದವರಿಗೆ)

ಅತಿ ಹೆಚ್ಚು ಪ್ರಶ್ನೆ ಬರುವುದು ಇದರ ಬಗ್ಗೆಯೇ. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನಮ್ಮ ಭಾಗದಲ್ಲಿ ಎರಡು ಮಣ್ಣು ಸುಲಭವಾಗಿ ಸಿಗುತ್ತವೆ. ಕಲಬುರಗಿ ಕಡೆಯ ಎರೆಮಣ್ಣು, ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ಮಣ್ಣು. ಎಲ್ಲರಿಗೂ ಮೊದಲು ಎರೆಮಣ್ಣಿನ ಮೇಲೆ ಆಸೆ. ತೊಗರಿ ಹೊಲದ ಆ ಕಪ್ಪು ಕ್ಯಾನ್ವಾಸಿಗೆ ಬಂದರೆ ಎಷ್ಟು ಚೆಂದ! ಬರುವುದಿಲ್ಲ. ಬೇಸಿಗೆಯ ಹೊಲವನ್ನು ನೆನಪಿಸಿಕೊಳ್ಳಿ. ಕೈ ಹೋಗುವಷ್ಟು ಬಿರುಕು. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಕ್ಯಾನ್ವಾಸ್ ಮೇಲೂ ಅದೇ ಮಾಡುತ್ತದೆ. ದಪ್ಪಗೆ ಹಚ್ಚಿದರೆ ವಾರದಲ್ಲಿ ಹೆಕ್ಕಳಿಕೆ ಎದ್ದು ಉದುರುತ್ತದೆ. ತೀರಾ ತೆಳುವಾಗಿ, ಅಂಟು ಜಾಸ್ತಿ ಹಾಕಿ ಹಚ್ಚಿದರೆ ನಿಲ್ಲುತ್ತದೆ. ಆಗ ಅದು ಕಪ್ಪಲ್ಲ, ಮಾಸಲು ಬೂದು.

ಬೀದರಿನ ಕೆಂಪು ಹಾಗಲ್ಲ. ಅದರ ಕೆಂಪು ಕಬ್ಬಿಣದ ತುಕ್ಕಿನದು, ಅಂದರೆ ಕಬ್ಬಿಣದ ಆಕ್ಸೈಡ್. ಬಿಸಿಲಿಗೆ ಮಾಸುವುದಿಲ್ಲ, ಎರೆಮಣ್ಣಿನಷ್ಟು ಬಿರಿಯುವುದೂ ಇಲ್ಲ. ಮಾಡುವ ಬಗೆ ಹೀಗೆ:

1. ಬಾವಿ ತೋಡಿದ ಕಡೆ, ಹೊಲದ ಬದುವಿನಲ್ಲಿ, ಮಾಲೀಕರನ್ನು ಕೇಳಿ ಒಂದು ಕಿಲೋ ಮಣ್ಣು ತನ್ನಿ. ಕೋಟೆಯ ಆವರಣದಿಂದ ಬೇಡ. ಅದು ಸಂರಕ್ಷಿತ ಸ್ಮಾರಕ.
2. ಒಣಗಿಸಿ ಕುಟ್ಟಿ, ಜರಡಿ ಹಿಡಿಯಿರಿ. ಮೂಗಿಗೆ ಮಾಸ್ಕ್ ಇರಲಿ.
3. ಬಕೆಟ್ ನೀರಿಗೆ ಹಾಕಿ ಕದಡಿ. ಒಂದು ನಿಮಿಷ ಬಿಡಿ. ಮರಳು ಕೆಳಗೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಇನ್ನೊಂದು ಬಕೆಟ್‌ಗೆ ಬಗ್ಗಿಸಿ. ಮರಳು ಚೆಲ್ಲಿ.
4. ರಾತ್ರಿಯಿಡೀ ಬಿಡಿ. ಬೆಳಗ್ಗೆ ತಿಳಿನೀರು ತೆಗೆದು ಹೊಸ ನೀರು ಹಾಕಿ, ಮತ್ತೊಮ್ಮೆ ಹೀಗೇ ಮಾಡಿ. ಇದು ಮಣ್ಣಿನ ಉಪ್ಪು ತೆಗೆಯಲು. ಬಿಟ್ಟರೆ ತಿಂಗಳ ಮೇಲೆ ಚಿತ್ರದ ಮೇಲೆ ಬಿಳಿ ಹುಡಿ ಕಾಣಿಸಿಕೊಳ್ಳುತ್ತದೆ.
5. ತಳದ ನುಣ್ಣನೆ ರಾಡಿಯನ್ನು ತಾಟಿನಲ್ಲಿ ಹರಡಿ ಒಣಗಿಸಿ, ಅರೆದು, ಮಲ್ ಬಟ್ಟೆಯಲ್ಲಿ ಸೋಸಿ.
6. ಒಂದು ಚಮಚ ಪುಡಿಗೆ ಎರಡು ಚಮಚ ಅಕ್ರಿಲಿಕ್ ಮೀಡಿಯಂ ಸೇರಿಸಿ ಕಲಸಿ. ಮೀಡಿಯಂ ಅಂದರೆ ಬಣ್ಣವಿಲ್ಲದ ಬರೀ ಅಂಟು. ರಟ್ಟಿನ ಮೇಲೆ ಹಚ್ಚಿ ಒಣಗಿಸಿ, ಬೆರಳಿಂದ ಉಜ್ಜಿ ನೋಡಿ. ಬೆರಳಿಗೆ ಕೆಂಪು ಹತ್ತಿದರೆ ಇನ್ನಷ್ಟು ಮೀಡಿಯಂ ಬೇಕು.

ಶಹಾಬಾದ್ ಕಲ್ಲಿನ ಪುಡಿಯನ್ನೂ ಹೀಗೆಯೇ ತೊಳೆದು ಬಳಸಬಹುದು. ಅದು ಸುಣ್ಣದ ಕಲ್ಲು. ಗೆಸ್ಸೊಗೆ ಬೆರೆಸಿದರೆ ಹಳೆ ಗೋಡೆಯಂಥ ತರಿ ಬರುತ್ತದೆ. ಫರ್ಸಿ ಕೊಯ್ಯುವ ಕಡೆ ಪುಕ್ಕಟೆ ಸಿಗುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ. "ಬಿದ್ರಿಯವರು ಕೋಟೆಯ ಮಣ್ಣು ಹಚ್ಚಿ ಕಪ್ಪು ಮಾಡ್ತಾರಲ್ಲ, ನಾವೂ ಮಾಡಬಹುದಾ?" ಆಗುವುದಿಲ್ಲ. ಬಿದ್ರಿ ಪಾತ್ರೆಯ ಮೈ ಸತು ಮತ್ತು ತಾಮ್ರದ ಮಿಶ್ರಲೋಹ. ಮಣ್ಣಿಗೆ ನವಸಾಗರ ಬೆರೆಸಿ ಹಚ್ಚಿದಾಗ ಕಪ್ಪಾಗುವುದು ಆ ಲೋಹ. ಮಣ್ಣು ಕಪ್ಪು ಬಣ್ಣ ಕೊಡುವುದಿಲ್ಲ. ಬಟ್ಟೆಯ ಮೇಲೆ ಅದು ಬರೀ ಮಣ್ಣಾಗಿಯೇ ಉಳಿಯುತ್ತದೆ.

ಅರಿಶಿನ ಬೇಡ. ಹಚ್ಚಿದ ದಿನ ಕಣ್ಣು ಕುಕ್ಕುತ್ತದೆ, ಬೆಳಕಿಗೆ ಇಟ್ಟರೆ ಮಾಸಿ ಹೋಗುತ್ತದೆ.

ಹಂತ 4: ದಿನ ಕಟ್ಟಿಕೊಳ್ಳುವುದು

ಮೂಡ್ ಪ್ರಶ್ನೆಗೆ ಉತ್ತರ ಇಲ್ಲಿದೆ. ನಮ್ಮೂರಲ್ಲಿ ಮೂಡ್ ನಿರ್ಧರಿಸುವುದು ಥರ್ಮಾಮೀಟರ್. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದ ಮಧ್ಯಾಹ್ನ ಯಾವ ಸ್ಫೂರ್ತಿಯೂ ಮಾಳಿಗೆ ಹತ್ತಿ ಬರುವುದಿಲ್ಲ. ನನ್ನ ಬೇಸಿಗೆ ದಿನ ಹೀಗಿರುತ್ತದೆ:

ಬೆಳಗ್ಗೆ 5:30ಕ್ಕೆ ಎದ್ದು, ಚಹಾ ಹಿಡಿದು ಮೇಲೆ ಹೋಗುತ್ತೇನೆ. ಮೊದಲ ಅರ್ಧ ಗಂಟೆ ಬ್ರಷ್ ಮುಟ್ಟುವುದಿಲ್ಲ. ನಿನ್ನೆ ಮಾಡಿದ್ದನ್ನು ನೋಡುತ್ತೇನೆ. 6:15ರಿಂದ 9:30 ಬಣ್ಣ. 9:30ಕ್ಕೆ ಕಡ್ಡಾಯವಾಗಿ ನಿಲ್ಲಿಸಿ ಬ್ರಷ್ ತೊಳೆಯುತ್ತೇನೆ. ಚೆನ್ನಾಗಿ ಸಾಗುತ್ತಿದ್ದರೂ ನಿಲ್ಲಿಸುತ್ತೇನೆ. ಆಮೇಲೆ ರೊಟ್ಟಿ, ಶೇಂಗಾ ಹಿಂಡಿ. ಮಧ್ಯಾಹ್ನ ಕೆಳಗಿನ ಮನೆಯಲ್ಲೇ ಗೆಸ್ಸೊ ಹಚ್ಚುವುದು, ಫೋಟೋ ತೆಗೆಯುವುದು, ಪತ್ರ ಬರೆಯುವುದು, ಒಂದು ನಿದ್ದೆ. ಸಂಜೆ 5ರಿಂದ 6:30 ಮತ್ತೆ ಮೇಲೆ. ಆಗ ಹೊಸ ಬಣ್ಣ ಕಲಸುವುದಿಲ್ಲ. ಸಂಜೆಯ ಬೆಳಕಲ್ಲಿ ಹಳದಿ ಜಾಸ್ತಿ, ಲೆಕ್ಕ ತಪ್ಪುತ್ತದೆ. ಕೆರೆಯುವುದು, ಗೆರೆ ಎಳೆಯುವುದು, ನೋಡುವುದು ಅಷ್ಟೇ.

ಚಳಿಗಾಲದಲ್ಲಿ ಬೆಳಗ್ಗೆ 8ರಿಂದ ಮಧ್ಯಾಹ್ನ 1. ವರ್ಷದ ದೊಡ್ಡ ಕ್ಯಾನ್ವಾಸ್‌ಗಳನ್ನು ನವೆಂಬರ್‌ನಿಂದ ಫೆಬ್ರವರಿಯೊಳಗೆ ಮಾಡಿ ಮುಗಿಸಿಕೊಳ್ಳಿ.

ನೌಕರಿ ಇರುವವರು ಮೂರು ಗಂಟೆ ಎಲ್ಲಿಂದ ತರಲಿ ಅನ್ನುತ್ತಾರೆ. ಒಂದು ಗಂಟೆ ಸಾಕು. ಅದರಲ್ಲಿ 20 ನಿಮಿಷ ನೋಡುವುದಕ್ಕೆ ಬಿಡಿ. ಭಾನುವಾರ ಮಾತ್ರ ಎಂಟು ಗಂಟೆ ಕೂರುತ್ತೇನೆ ಅನ್ನುವ ಯೋಜನೆ ಮಾತ್ರ ಬೇಡ. ಎಂಟನೇ ಗಂಟೆಯಲ್ಲಿ ಮಾಡಿದ್ದೇ ಮೊದಲ ಏಳು ಗಂಟೆಯದನ್ನು ಹಾಳು ಮಾಡುತ್ತದೆ.

ಹಂತ 5: ಶುರು ಎಲ್ಲಿಂದ?

ಖಾಲಿ ಕ್ಯಾನ್ವಾಸ್ ಎದುರು ನಿಂತು "ಏನಾದರೂ ಬರಲಿ" ಅಂದರೆ ಬರುವುದು ಯಾರದೋ ನೋಡಿದ ಚಿತ್ರದ ನೆನಪು. ಹೊರಗೆ ಹೋಗಿ ನೋಡಿ ಬನ್ನಿ.

ಕಲಬುರಗಿ ಕೋಟೆಯ ಜಾಮಿ ಮಸೀದಿಗೆ (1367) ಹೋಗಿ. ಕಮಾನುಗಳನ್ನು ಬಿಡಿಸಬೇಡಿ. ಎರಡು ಕಮಾನುಗಳ ನಡುವೆ ಉಳಿದ ಖಾಲಿ ಜಾಗದ ಆಕಾರ ಬಿಡಿಸಿ. ಹತ್ತು ಹೆಜ್ಜೆ ಪಕ್ಕಕ್ಕೆ ಸರಿದರೆ ಆ ಆಕಾರ ಬದಲಾಗುತ್ತದೆ. ಅದನ್ನೂ ಬಿಡಿಸಿ. ಬೀದರ್ ಹತ್ತಿರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಗುಮ್ಮಟದ ಒಳಗೆ ನಿಂತು, ಕಣ್ಣು ಅರ್ಧ ಮುಚ್ಚಿ ಮೇಲೆ ನೋಡಿ. ಅಕ್ಷರ, ಹೂಬಳ್ಳಿ ಎಲ್ಲ ಕರಗುತ್ತವೆ. ಉಳಿಯುವುದು ಗಾಢ ಎಷ್ಟು, ಹೊನ್ನು ಎಷ್ಟು, ಕೆಂಪು ಎಷ್ಟು ಎಂಬ ಪಾಲು. ಆ ಪಾಲನ್ನು ಮಾತ್ರ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ.

ಅಷ್ಟು ದೂರ ಬೇಡವೆಂದರೆ ಅಡುಗೆಮನೆ ಹೊಸ್ತಿಲು ಸಾಕು. ನಮ್ಮ ಮನೆಯ ಹೊಸ್ತಿಲ ಫರ್ಸಿ ನಡುವಿನಲ್ಲಿ ಸವೆದು ಹೊಳೆಯುತ್ತದೆ, ಅಂಚಿನಲ್ಲಿ ಒರಟೊರಟು. ಹೊಳಪಿನಿಂದ ತರಿಗೆ ಹೋಗುವ ಜಾಗದಲ್ಲಿ ಗೆರೆ ಇಲ್ಲ. ಒಂದು ಬೆರಳಗಲ ಎರಡೂ ಇವೆ. ಆ ಬೆರಳಗಲದ ಮೇಲೆ ನಾನು ಮೂರು ಕ್ಯಾನ್ವಾಸ್ ಮಾಡಿದ್ದೇನೆ.

ನೋಡಿ ಬಂದ ಮೇಲೆ ಮೂರು ತೀರ್ಮಾನ ನೋಟ್‌ಬುಕ್‌ನಲ್ಲಿ ಬರೆಯಿರಿ: ಯಾವ ಬಣ್ಣ ಮುಕ್ಕಾಲು ಭಾಗ, ತೂಕ ಮೇಲಿದೆಯೋ ಕೆಳಗಿದೆಯೋ, ಅಂಚು ಚೂಪೋ ಮಸುಕೋ. ಅಷ್ಟೇ. ಜಾಸ್ತಿ ಬರೆದರೆ ಚಿತ್ರ ಬಿಡಿಸುವ ಮೊದಲೇ ಮುಗಿದುಹೋಗುತ್ತದೆ.

ಹಂತ 6: ಮೊದಲ ಪದರ, ಆಮೇಲೆ ಕುರ್ಚಿ

ಬಿಳಿಯನ್ನು ಮೊದಲು ಕೊಲ್ಲಿ. ಓಕರ್ ಅಥವಾ ಕೆಂಪುಮಣ್ಣನ್ನು ತೆಳ್ಳಗೆ ಮಾಡಿ ಇಡೀ ಕ್ಯಾನ್ವಾಸಿಗೆ ಬಟ್ಟೆಯಿಂದ ಒರೆಸಿ. ತೆಳು ಮಾಡಲು ಬರೀ ನೀರು ಸುರಿಯಬೇಡಿ. ಅಂಟು ಕಡಿಮೆಯಾಗಿ ಬಣ್ಣ ಪುಡಿಯಾಗುತ್ತದೆ. ಅರ್ಧ ನೀರು, ಅರ್ಧ ಮೀಡಿಯಂ ಹಾಕಿ. ಬೋರ್‌ವೆಲ್‌ನ ಸವಳು ನೀರು ಬೇಡ. ತೆಳು ಬಣ್ಣ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಫಿಲ್ಟರ್ ನೀರು ಒಂದು ಬಾಟಲಿ ಇಟ್ಟುಕೊಳ್ಳಿ.

ಆಮೇಲೆ ದೊಡ್ಡ ಬ್ರಷ್‌ನಿಂದ ದೊಡ್ಡ ಆಕಾರಗಳು. ಸಣ್ಣ ಬ್ರಷ್ ಈ ದಿನ ಕಪಾಟಿನಲ್ಲಿರಲಿ.

ಇಲ್ಲಿ ನಮ್ಮ ಬಿಸಿಲಿನ ತೊಂದರೆ ಶುರು. ಏಪ್ರಿಲ್, ಮೇನಲ್ಲಿ ತೆಳು ಅಕ್ರಿಲಿಕ್ ಎರಡು ಮೂರು ನಿಮಿಷಕ್ಕೇ ಒಣಗುತ್ತದೆ. ಎರಡು ಬಣ್ಣ ಹಸಿಯಲ್ಲಿ ಬೆರೆಸಲು ಹೋದರೆ ಅರ್ಧ ಒಣಗಿದ ತೊಗಟೆ ಕಿತ್ತು ಬರುತ್ತದೆ. ಮೂರು ಉಪಾಯ:

ಕ್ಯಾನ್ವಾಸಿಗೆ ಮೊದಲೇ ನೀರು ಸಿಂಪಡಿಸಿ. ಸ್ಟೀಲ್ ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ, ಮೇಲೆ ಬಟರ್ ಪೇಪರ್ ಹಾಕಿ, ಅದರ ಮೇಲೆ ಬಣ್ಣ ಇಡಿ. ಮುಚ್ಚಳ ಮುಚ್ಚಿದರೆ ಮರುದಿನಕ್ಕೂ ಹಸಿಯಾಗಿರುತ್ತದೆ. ಕೂಲರ್ ಹಾಕಿ. ನೀರಿನ ಕೂಲರ್ ಕೋಣೆಗೆ ತೇವ ತುಂಬುವುದರಿಂದ ಬಣ್ಣ ನಿಧಾನ ಒಣಗುತ್ತದೆ. ಆದರೆ ಗಾಳಿ ನೇರ ಕ್ಯಾನ್ವಾಸಿಗೆ ಬೀಸದಂತೆ ಗೋಡೆ ಕಡೆ ತಿರುಗಿಸಿ. ಇಲ್ಲದಿದ್ದರೆ ಧೂಳು ಬಂದು ಕೂರುತ್ತದೆ. ದಾಲ್ ಮಿಲ್ ಹತ್ತಿರದ ಮನೆಯವರಿಗೆ ನಾನು ಇದನ್ನು ಹೇಳಬೇಕಾಗಿಲ್ಲ.

ಇನ್ನೊಂದು ನೆನಪಿರಲಿ. ಅಕ್ರಿಲಿಕ್ ಒಣಗಿದಾಗ ಒಂದು ಛಾಯೆ ಗಾಢವಾಗುತ್ತದೆ. ಹಸಿಯಲ್ಲಿ ಅಂಟು ಹಾಲಿನಂತೆ ಬಿಳಿ, ಒಣಗಿದರೆ ಪಾರದರ್ಶಕ. ಹಾಗಾಗಿ ರಟ್ಟಿನ ತುಂಡಿನ ಮೇಲೆ ಹಚ್ಚಿ ಒಣಗಿಸಿ ನೋಡದೆ ದೊಡ್ಡ ಜಾಗಕ್ಕೆ ಹಚ್ಚಬೇಡಿ.

ಮೊದಲ ಪದರ ಆಯಿತಾ? ಬ್ರಷ್ ನೀರಿಗೆ ಹಾಕಿ, ಎಂಟು ಹತ್ತು ಅಡಿ ಹಿಂದೆ ಕುರ್ಚಿ ಹಾಕಿ ಕೂರಿ. ಹದಿನೈದು ನಿಮಿಷ. ಫೋನ್ ಕೆಳಗೆ ಬಿಟ್ಟು ಬನ್ನಿ.

ಇದೇ ಈ ಕೆಲಸದ ದೊಡ್ಡ ಭಾಗ. ನನ್ನ ಮೂರು ಗಂಟೆಯಲ್ಲಿ ಬ್ರಷ್ ಬಟ್ಟೆಗೆ ತಾಗುವುದು ಎಲ್ಲ ಸೇರಿ ಐವತ್ತು ನಿಮಿಷ ಇರಬಹುದು. ಉಳಿದದ್ದು ನೋಡುವುದು, ಕಲಸುವುದು, ಮತ್ತೆ ನೋಡುವುದು. ಮನೆಯವರಿಗೆ ಇದು ಸುಮ್ನೆ ಕೂತಂತೆ ಕಾಣುತ್ತದೆ. ಅದನ್ನು ವಿವರಿಸಲು ನಾನು ಬಿಟ್ಟಿದ್ದೇನೆ. ನಮ್ಮ ದೇಶದ ಹೆಸರಾಂತ ಅಮೂರ್ತ ಚಿತ್ರಕಾರ ವಾಸುದೇವ ಗಾಯತೊಂಡೆ (1924–2001) ರೋಲರ್, ಪ್ಯಾಲೆಟ್ ನೈಫ್ ಹಿಡಿದು ಕೆಲಸ ಮಾಡುತ್ತಿದ್ದವರು. ವರ್ಷಕ್ಕೆ ಬೆರಳೆಣಿಕೆಯಷ್ಟೇ ಕ್ಯಾನ್ವಾಸ್ ಮುಗಿಸುತ್ತಿದ್ದರು. ಉಳಿದ ದಿನಗಳು ಎಲ್ಲಿ ಹೋದವು ಎಂದು ಯೋಚಿಸಿ.

ನೋಡುವಾಗ "ಚೆನ್ನಾಗಿದೆಯಾ?" ಎಂದು ಕೇಳಿಕೊಳ್ಳಬೇಡಿ. ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಕಣ್ಣು ಮೊದಲು ಎಲ್ಲಿ ಹೋಗುತ್ತದೆ, ಅಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಲ್ಲಿ ಸಿಕ್ಕಿಬೀಳುತ್ತದೆ ಎಂದು ಗಮನಿಸಿ ಬರೆದುಕೊಳ್ಳಿ. ಕ್ಯಾನ್ವಾಸ್ ತಲೆಕೆಳಗು ಮಾಡಿ ಮತ್ತೆ ನೋಡಿ. ಕನ್ನಡಿಯಲ್ಲಿ ನೋಡಿ. ಫೋನಿನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ. ಬಣ್ಣ ಬೇರೆ ಬೇರೆ ಇದ್ದರೂ ಎಲ್ಲ ಒಂದೇ ಬೂದಾಗಿ ಕಂಡರೆ ನಿಮ್ಮ ಚಿತ್ರದಲ್ಲಿ ವ್ಯಾಲ್ಯೂ ಇಲ್ಲ. ವ್ಯಾಲ್ಯೂ ಅಂದರೆ ತಿಳಿ-ಗಾಢದ ವ್ಯತ್ಯಾಸ. ಹತ್ತರಲ್ಲಿ ಏಳು ಸಲ ಹೊಸಬರ ಚಿತ್ರದ ತೊಂದರೆ ಇದೇ. ಅವರು ಅದನ್ನು ಬಣ್ಣದ ತೊಂದರೆ ಅಂದುಕೊಂಡು ಇನ್ನೊಂದು ಟ್ಯೂಬ್ ಕೊಳ್ಳುತ್ತಾರೆ.

ಹಂತ 7: ಹಚ್ಚುವುದು, ಕೆರೆಯುವುದು

ಎರಡನೇ ದಿನದಿಂದ ಒಂದು ದಿನಕ್ಕೆ ಒಂದೇ ದೊಡ್ಡ ಬದಲಾವಣೆ. ಉದಾಹರಣೆಗೆ, ಇವತ್ತು ಮೇಲಿನ ಅರ್ಧಕ್ಕೆ ಬೂದು ಪದರ. ಪುಟ್ಟಿ ಪಟ್ಟಿಯಿಂದ ಬಣ್ಣ ಎಳೆದು, ಹಸಿಯಿರುವಾಗಲೇ ಒದ್ದೆ ಬಟ್ಟೆಯಿಂದ ಅಲ್ಲಲ್ಲಿ ಒರೆಸಿ. ಕೆಳಗಿನ ಕೆಂಪು ಇಣುಕುತ್ತದೆ. ಆ ಇಣುಕು ನೋಡಿ ನಾಳೆಯದನ್ನು ತೀರ್ಮಾನಿಸಿ.

ಒಂದು ದಿನ ಏನಾಯಿತು ಅಂದರೆ, ಬೂದಿನ ಮೇಲೆ ನೀಲಿ ಗೆರೆಯೊಂದು ತುಂಬ ಚೆನ್ನಾಗಿ ಬಂತು. ಅದನ್ನು ಉಳಿಸಿಕೊಳ್ಳಲು ಸುತ್ತಲಿನದನ್ನೆಲ್ಲ ಮೂರು ವಾರ ಬದಲಾಯಿಸಿದೆ. ಕೊನೆಗೆ ಗೆರೆಯನ್ನೇ ಅಳಿಸಿದೆ, ಹತ್ತು ನಿಮಿಷದಲ್ಲಿ ಚಿತ್ರ ಸರಿಹೋಯಿತು. ನಿಮಗೆ ತುಂಬ ಇಷ್ಟವಾದ ತುಂಡೇ ಅಡ್ಡ ನಿಂತಿರಬಹುದು. ಅನುಮಾನ ಬಂದರೆ ಬೆರಳಿಂದ ಮುಚ್ಚಿ ನೋಡಿ.

ಬಣ್ಣ ಕೆಸರಾಗುತ್ತಿದ್ದರೆ ನಿಲ್ಲಿಸಿ, ಒಣಗಲು ಬಿಡಿ. ಅಕ್ರಿಲಿಕ್‌ನ ವರವೇ ಅದು, ಒಣಗಿದ್ದರ ಮೇಲೆ ಹೊಸದು ಶುದ್ಧವಾಗಿ ಕೂರುತ್ತದೆ.

ಬ್ರಷ್‌ಗಳನ್ನು ನೀರಿನಲ್ಲಿ ಮಲಗಿಸಿಡಿ, ಕೂದಲಿನ ಮೇಲೆ ನಿಲ್ಲಿಸಬೇಡಿ. ಕೆಲಸ ಮುಗಿದ ಕೂಡಲೇ ಸೋಪಿನಿಂದ ತೊಳೆಯಿರಿ. ಒಮ್ಮೆ ಗಟ್ಟಿಯಾದರೆ ಅದು ಬ್ರಷ್ ಅಲ್ಲ, ಕಡ್ಡಿ. ತೊಳೆದ ನೀರನ್ನು ಬಕೆಟ್‌ನಲ್ಲಿ ರಾತ್ರಿ ಬಿಟ್ಟು, ತಳದ ರಾಡಿ ಬೇರೆ ಮಾಡಿ ಕಸಕ್ಕೆ ಹಾಕಿ. ಗಿಡಕ್ಕೂ ಬೇಡ, ಮೋರಿಗೂ ಬೇಡ.

ಎಣ್ಣೆ ಬಣ್ಣದವರಿಗೆ ನಾಲ್ಕು ಮಾತು. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಜಾಸ್ತಿ. ಉಲ್ಟಾ ಮಾಡಿದರೆ ಬಿರಿಯುತ್ತದೆ. ಅಕ್ರಿಲಿಕ್ ಮೇಲೆ ಎಣ್ಣೆ ಬಣ್ಣ ಹಚ್ಚಬಹುದು, ಎಣ್ಣೆಯ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ. ಟರ್ಪಂಟೈನ್ ಬಳಸುವಾಗ ಕಿಟಕಿ ತೆರೆದಿರಲಿ. ಎಲ್ಲಕ್ಕಿಂತ ಮುಖ್ಯವಾದದ್ದು ಅಗಸೆ ಎಣ್ಣೆ ಒರೆಸಿದ ಬಟ್ಟೆ. ಅದನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬಾರದು. ಒಣಗುತ್ತ ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬೆಂಕಿ ಕಡ್ಡಿ ಬೇಕಿಲ್ಲ. ನಮ್ಮ ಮಾಳಿಗೆ ಕೋಣೆಯ ಬಿಸಿಗಂತೂ ಇನ್ನೂ ಅಪಾಯ. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರು ತುಂಬಿ ಅದರೊಳಗೆ ಹಾಕಿ.

ಹಂತ 8: ನಿಲ್ಲಿಸುವುದು

ಇನ್ನು ಮುಟ್ಟಬೇಕಾದ ಜಾಗ ಒಂದೂ ಕಾಣದಿದ್ದರೆ ಮುಗಿಯಿತು ಅಂತ ಪುಸ್ತಕ ಹೇಳುತ್ತವೆ. ನನಗೆ ಯಾವತ್ತೂ ಹಾಗಾಗಿಲ್ಲ. ನಾನು ಮಾಡುವುದು ಇಷ್ಟು: ಮುಂದೆ ಏನು ಮಾಡಬೇಕು ಎಂಬುದು ನಿಚ್ಚಳವಾಗಿ ಗೊತ್ತಿದ್ದರೆ ಮಾಡುತ್ತೇನೆ. "ಏನೋ ಸಣ್ಣದೊಂದು ಬೇಕು, ಆದರೆ ಏನು ಅಂತ ಗೊತ್ತಿಲ್ಲ" ಅನ್ನಿಸಿದ ಕ್ಷಣ ಬ್ರಷ್ ಕೆಳಗಿಡುತ್ತೇನೆ. ಆ ಸ್ಥಿತಿಯಲ್ಲಿ ಹಚ್ಚಿದ ಸಣ್ಣದೊಂದು ಸಾಸಿವೆ ಒಗ್ಗರಣೆಗೆ ಮತ್ತೆ ಸಾಸಿವೆ ಹಾಕಿದ ಹಾಗೆ.

ಚಿತ್ರವನ್ನು ಗೋಡೆಗೆ ಮುಖ ಮಾಡಿ ಹತ್ತು ದಿನ ಇಡಿ. ಎರಡನೇ ಕ್ಯಾನ್ವಾಸ್ ಬೇಕು ಅಂದದ್ದು ಈ ಹತ್ತು ದಿನಕ್ಕೆ. ಹನ್ನೊಂದನೇ ದಿನ ಬೆಳಗ್ಗೆ ತಿರುಗಿಸಿ ನೋಡಿ. ಮೊದಲ ಐದು ಸೆಕೆಂಡ್‌ನಲ್ಲಿ ಕಣ್ಣಿಗೆ ಚುಚ್ಚಿದ್ದು ಏನಾದರೂ ಇದ್ದರೆ ಅದೊಂದನ್ನು ಸರಿ ಮಾಡಿ. ಆರನೇ ಸೆಕೆಂಡ್‌ನಲ್ಲಿ ಕಂಡದ್ದನ್ನು ಬಿಟ್ಟುಬಿಡಿ.

ಹಂತ 9: ವಾರ್ನಿಷ್, ಇಡುವುದು, ಕಳಿಸುವುದು

ತೆಳು ಪದರದ ಅಕ್ರಿಲಿಕ್ ಆದರೆ ಎರಡು ವಾರ, ದಪ್ಪ ಇದ್ದರೆ ಇನ್ನೂ ಜಾಸ್ತಿ ಬಿಟ್ಟು ವಾರ್ನಿಷ್ ಹಚ್ಚಿ. ಎಣ್ಣೆ ಬಣ್ಣಕ್ಕೆ ಆರು ತಿಂಗಳಿಂದ ಒಂದು ವರ್ಷ. ಒಳಗೆ, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ ಹಚ್ಚಿ. ಬೇಗ ಒಣಗಲಿ ಅಂತ ನಾನೊಮ್ಮೆ ಮೇ ಸಂಜೆ ಮಾಳಿಗೆ ಮೇಲಿಟ್ಟು ಹಚ್ಚಿದೆ. ಹತ್ತು ನಿಮಿಷಕ್ಕೆ ಸುಂಟರಗಾಳಿ ಎದ್ದಿತು. ಆ ಚಿತ್ರ ಈಗಲೂ ನನ್ನ ಹತ್ತಿರವೇ ಇದೆ. ಮುಟ್ಟಿದರೆ ಮರಳುಕಾಗದ.

ನಮ್ಮೂರಿಗೆ ಮುಖ್ಯವಾದ ಎಚ್ಚರಿಕೆ ಒಂದಿದೆ. ಒಣಗಿದ ಅಕ್ರಿಲಿಕ್ ಬಿಸಿಗೆ ಮೆತ್ತಗಾಗುತ್ತದೆ. ಎರಡು ಚಿತ್ರಗಳನ್ನು ಮುಖಕ್ಕೆ ಮುಖ ಹಚ್ಚಿ ಬೇಸಿಗೆಯಲ್ಲಿ ಇಟ್ಟರೆ ಅಂಟಿಕೊಳ್ಳುತ್ತವೆ. ಬಿಡಿಸಿದರೆ ಒಂದರ ಬಣ್ಣ ಇನ್ನೊಂದಕ್ಕೆ ಹೋಗಿರುತ್ತದೆ. ಬೆಂಗಳೂರಿಗೆ ಬಸ್ಸಿನ ಡಿಕ್ಕಿಯಲ್ಲಿ ಕಳಿಸುವವರು ಇದನ್ನು ಎರಡು ಸಲ ಓದಿ. ಗುಳ್ಳೆ ಪ್ಲಾಸ್ಟಿಕ್ ನೇರವಾಗಿ ಸುತ್ತಿದರೆ ಗುಳ್ಳೆಯ ಅಚ್ಚು ಬೀಳುತ್ತದೆ. ಪೇಪರ್ ಸುತ್ತಿದರೆ ಸುದ್ದಿ ಅಚ್ಚಾಗುತ್ತದೆ. ಮೊದಲು ಬಟರ್ ಪೇಪರ್, ಆಮೇಲೆ ರಟ್ಟು, ಮೂಲೆಗಳಿಗೆ ಥರ್ಮಾಕೋಲ್, ಕೊನೆಗೆ ಗುಳ್ಳೆ ಪ್ಲಾಸ್ಟಿಕ್. ಸಾಧ್ಯವಿದ್ದರೆ ರಾತ್ರಿ ಗಾಡಿಗೆ ಹಾಕಿ.

ಹಿಂಭಾಗದ ಕಟ್ಟಿಗೆ ಪಟ್ಟಿಯ ಮೇಲೆ ಪೆನ್ಸಿಲ್‌ನಿಂದ ಹೆಸರು, ವರ್ಷ, ಅಳತೆ, ಬಳಸಿದ ಬಣ್ಣ, ಮಣ್ಣು ಬಳಸಿದ್ದರೆ ಅದು ಎಲ್ಲಿಯದು ಎಲ್ಲ ಬರೆಯಿರಿ. ಬಟ್ಟೆಯ ಮೇಲೆ ಪೆನ್ನಿನಿಂದ ಬರೆಯಬೇಡಿ, ಶಾಯಿ ಮುಂದೆ ಬರುತ್ತದೆ. ಮತ್ತೆ ದೊಡ್ಡದಾಗಿ ಒಂದು ಬಾಣ ಹಾಕಿ, ಪಕ್ಕದಲ್ಲಿ 'ಮೇಲೆ' ಎಂದು ಕನ್ನಡದಲ್ಲೇ ಬರೆಯಿರಿ. ನನ್ನ ಒಂದು ಚಿತ್ರ ಪರಿಚಯದವರ ಪಡಸಾಲೆಯಲ್ಲಿ ನಾಲ್ಕು ವರ್ಷದಿಂದ ತಲೆಕೆಳಗಾಗಿ ತೂಗುತ್ತಿದೆ. ಹೋದಾಗಲೆಲ್ಲ ಕೂತು ನೋಡುತ್ತೇನೆ, ಹೇಳಲು ಬಾಯಿ ಬಂದಿಲ್ಲ. ಹೋದ ತಿಂಗಳಿಂದ ಹಾಗೇ ಸರಿ ಇದೆಯೇನೋ ಅನ್ನಿಸಲು ಶುರುವಾಗಿದೆ.